ಮಾಸ್ತರರ ಕಂಪ್ಯೂಟರಿಗೆ ಯಜಮಾನರು

ಊರೂರು ತಿರುಗಿ ಕಂಪ್ಯೂಟರ್ ರಿಪೇರಿ ಮಾಡುವ ನನ್ನನ್ನು ಸಪ್ತಾಪುರದ ನಿವೃತ್ತ ಮಾಸ್ತರರೊಬ್ಬರು ಮನೆಗೆ ಕರೆಸಿದ್ದರು.

"ಈ ಇಸ್ಪೀಟಿನ ಆಟ ತೆರೀಲಾರದಂಗ ಮಾಡಪಾ. ದಿನಾ ಇದರಾಗ ಕಳೀತೇನಿ, ನಾ ಬರಿಯಾಕತ್ತಿದ ಪುಸ್ತಕ ಮುಗೀವಲ್ದು."

ಸೈಟುಗಳನ್ನು ತೆರೆಯದಂತೆ ತಡೆಯಬಲ್ಲ ಒಂದು ಸಿಸ್ಟಂ ಫೈಲಿನಲ್ಲಿ ಆ ಆಟದ ಸೈಟಿನ ಹೆಸರು ಸೇರಿಸಿದೆ. ಸೇವ್ ಮಾಡಹೋದರೆ ಅಡ್ಮಿನಿಸ್ಟ್ರೇಟರ್, ಅಂದರೆ ಯಜಮಾನರ, ಪಾಸ್‌ವರ್ಡ್ ಬೇಕೆಂದಿತು.

"ಈ ಮನಿ ಯಜಮಾನ ನಾನ ಅದೇನಲ್ಲೋ!"

"ಮನಿಗೆ ನೀವ ಇರಬಹುದ್ರಿ ಸರ್, ಕಂಪ್ಯೂಟರಿಗೆ ಅಮ್ಮಾರ ಹೆಸರೈತಿ."

ಅಡುಗೆಮನೆಯಿಂದ ಬಂದ ಅಮ್ಮ, ಮಾಸ್ತರರ ಹೆಂಡತಿ, ಪಾಸ್‌ವರ್ಡ್ ಎಂದೊಡನೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಅದು ಇವರ ಹೆಸರರಿ. ಬಾಯಿಲೆ ಹ್ಯಾಂಗ ಹೇಳ್ಲಿ? ಸರೀರಿ, ಒತ್ತತೇನಿ."

ಒಂದೊಂದೇ ಅಕ್ಷರ ಒತ್ತಿದರು. ಫೈಲ್ ಸೇವ್ ಆಯಿತು. ಮಾಸ್ತರರ ಮುಖ ಅರಳಿತು.

"ಪಾಸ್‌ವರ್ಡ್ ಈಗ ಸರ್‌ಗೂ ಗೊತ್ತಾತಲ್ರಿ, ನಾಳೆ ತಾವ ಆ ಸೈಟಿನ ಹೆಸರು ತಗದಬಿಡ್ತಾರ" ಎಂದೆ. ಅಮ್ಮ ಕೂಡಲೇ ಹೊಸದನ್ನು ಇಟ್ಟರು; ನಾನು ಗೋಡೆ ನೋಡುತ್ತ ನಿಂತೆ.

ಗೇಟಿನವರೆಗೆ ಕಳಿಸಲು ಬಂದ ಮಾಸ್ತರರು ಹಿಂದೆ ತಿರುಗಿ ನೋಡಿ, ಮೆಲ್ಲಗೆ ಕೇಳಿದರು: "ಹೊಸಾದು ಏನ ಒತ್ತಿದಳು, ನೋಡಿದೇನ?"

ಏಳನೇ ಇಯತ್ತೆಗೇ ಸಾಲಿ ಬಿಟ್ಟವನು ನಾನು. ಮಾಸ್ತರರೊಬ್ಬರು ನನ್ನ ಹತ್ತಿರ ಉತ್ತರ ಕೇಳಿದ್ದು ಅದೇ ಮೊದಲು, ಅದೂ ಕಾಪಿ ಹೊಡೆಯಲು.