ಸೋಮವಾರದ ಸಿಸ್ಟರ್ ಮೇಲೆ ನನ್ನ ಹೊಟ್ಟೆಕಿಚ್ಚು

ಕೊರೊನಾ ಗಲಾಟೆ ಮುಗಿದ ಎರಡನೆಯ ವರ್ಷದ ಮಾತು. ಹರಪನಹಳ್ಳಿ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಮಂಡಕ್ಕಿ ಒಗ್ಗರಣೆ, ಮಿರ್ಚಿಯ ತಳ್ಳುಗಾಡಿ ಇದೆ. ನಮ್ಮ ಮನೆಯವರು ಮನೆಗಳಿಗೆ ಬಣ್ಣ ಹೊಡೆಯುವ ಕೆಲಸ ಮಾಡುತ್ತಾರೆ. ಆ ವರ್ಷ ಅವರು ಕುಡಿಯುವುದನ್ನು ಬಿಟ್ಟರು. ಕೇಳಿದವರೆಲ್ಲ "ಎಂಥಾ ಪುಣ್ಯ ಮಾಡಿದ್ದಿಯವ್ವ" ಅಂದರು. ನನ್ನ ಹೊಟ್ಟೆಯೊಳಗೆ ಏನು ಉರಿಯುತ್ತಿತ್ತು ಎನ್ನುವುದು ನನಗೊಬ್ಬಳಿಗೇ ಗೊತ್ತು.

ಹನ್ನೊಂದು ವರ್ಷ ಕುಡಿದಿದ್ದರು. ನಾನು ಮಾಡದ ಉಪಾಯವಿಲ್ಲ. ಕಣ್ಣೀರು ಹಾಕಿದೆ, ಬೈದೆ, ಮಾತು ಬಿಟ್ಟೆ, ತವರಿಗೆ ಹೋಗಿ ಕೂತೆ, ಹರಕೆ ಹೊತ್ತೆ. ಕುಡಿತ ಬಿಡಿಸುತ್ತದೆ ಅಂತ ಕೊಟ್ಟೂರಿನಲ್ಲಿ ಯಾರೋ ಕೊಟ್ಟ ಪುಡಿಯನ್ನು ಅವರಿಗೆ ಗೊತ್ತಾಗದಂತೆ ಸಾರಿಗೆ ಬೆರೆಸಿದೆ. ಎರಡು ದಿನ ಒಂದೇ ಸಮನೆ ವಾಂತಿ ಮಾಡಿಕೊಂಡರು. ಆಮೇಲೆ ಕುಡಿತ ಬಿಡಲಿಲ್ಲ, ನಾನು ಮಾಡಿದ ಸಾರು ಬಿಟ್ಟರು. ತಿಂಗಳಗಟ್ಟಲೆ ಬರೀ ಅನ್ನ ಮೊಸರು ಉಂಡರು.

ಆ ವರ್ಷ ಒಂದು ಸಲ ಜ್ವರ ಬಂದು ಎರಡು ದಿನ ಕುಡಿಯದೆ ಮಲಗಿದರು. ಮೂರನೆಯ ದಿನ ಕೈಕಾಲು ನಡುಗಲು ಶುರುವಾಯಿತು. ಗೋಡೆಯ ಮೇಲೆ ಇರುವೆ ಹತ್ತುತ್ತಿವೆ ಅಂತ ಒರೆಸತೊಡಗಿದರು. ನೋಡನೋಡುತ್ತಲೇ ಫಿಟ್ಸ್ ಬಂತು. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆ. ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ, ಡಾಕ್ಟರ ಕೈಯಲ್ಲೇ ಬಿಡಿಸಬೇಕು ಅಂತ ಅಲ್ಲಿ ಹೇಳಿದ ಮೇಲೆಯೇ ನನಗೆ ತಿಳಿದದ್ದು. ಎಂಟು ದಿನ ಇಟ್ಟುಕೊಂಡರು.

ಆ ವಾರ್ಡಿನಲ್ಲಿ ಒಬ್ಬ ಸಿಸ್ಟರ್ ಇದ್ದರು. ಕೆಲಸದ ನಡುವೆ ಬಿಡುವಾದಾಗಲೆಲ್ಲ ಇವರ ಮಂಚದ ಪಕ್ಕ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದರು. ಏನು ಮಾತಾಡುತ್ತಿದ್ದರೋ, ನಾನು ಹತ್ತಿರ ಹೋದರೆ ಇವರು ಸುಮ್ಮನಾಗುತ್ತಿದ್ದರು. ಮನೆಗೆ ಬಂದ ಮೇಲೂ ಪ್ರತಿ ಸೋಮವಾರ ಮಾತ್ರೆ ತರಲು, ಸಿಸ್ಟರ್ ಜೊತೆ ಮಾತಾಡಲು ಹೋಗಬೇಕಿತ್ತು. ಇವರು ಒಂದು ಸೋಮವಾರವೂ ತಪ್ಪಿಸಲಿಲ್ಲ. ಕುಡಿಯಲೂ ಇಲ್ಲ.

ಸೋಮವಾರ ಬಂತೆಂದರೆ ಗಡ್ಡ ಹೆರೆದು, ಇಸ್ತ್ರಿ ಅಂಗಿ ಹಾಕಿಕೊಳ್ಳುತ್ತಿದ್ದರು. ನಮ್ಮ ಮದುವೆಯ ದಿನವೂ ಇಷ್ಟು ಚೊಕ್ಕಟ ಇರಲಿಲ್ಲ ಆ ಮನುಷ್ಯ. ಹೊರಡುವ ಮೊದಲು ಗಾಡಿಗೆ ಬಂದು, "ನಾಲ್ಕು ಬಿಸಿ ಮಿರ್ಚಿ ಕಟ್ಟು, ಸಿಸ್ಟರ್‌ಗೆ ಬಾಳ ಸೇರ್ತಾವ" ಅನ್ನುತ್ತಿದ್ದರು. ಅಷ್ಟು ವರ್ಷ ನನ್ನ ಕೈಯ ಮಿರ್ಚಿ ತಿಂದವರು ಒಂದು ದಿನ ಚೆನ್ನಾಗಿದೆ ಅಂದವರಲ್ಲ. ನಾನೇ ಕರಿದು, ನಾನೇ ಪೇಪರಿನಲ್ಲಿ ಕಟ್ಟಿ ಕೊಡಬೇಕು! ಬೇಕಂತಲೇ ಖಾರದ ಮೆಣಸಿನಕಾಯಿ ಆರಿಸಿ ಹಾಕುತ್ತಿದ್ದೆ. ಸಿಸ್ಟರ್ ಮತ್ತಷ್ಟು ಹೊಗಳಿ ಕಳಿಸುತ್ತಿದ್ದರು.

ಹಾಗಂತ ಆಕೆ ಚೆಲುವೆಯೇನಲ್ಲ. ಐವತ್ತರ ಹತ್ತಿರದವರು, ದಪ್ಪ ಕನ್ನಡಕ, ಹಿಮ್ಮಡಿ ಸವೆದ ಚಪ್ಪಲಿ. ಚೆಲುವೆಯಾಗಿದ್ದರೆ ಜಗಳ ತೆಗೆಯಬಹುದಿತ್ತು. ನನ್ನ ಸಂಕಟವೇ ಬೇರೆ. ಹನ್ನೊಂದು ವರ್ಷ ನಾನು ಹೇಳಿದ ಮಾತು ಕಿವಿಗೆ ಹಾಕಿಕೊಳ್ಳದವರು ಆಕೆ ಎಂಟು ದಿನ ಹೇಳಿದ್ದಕ್ಕೆ ಬಿಟ್ಟರಲ್ಲ! ಪಕ್ಕದ ಮನೆಯ ಗಂಗಮ್ಮನ ಹತ್ತಿರ ಒಮ್ಮೆ ಬಾಯಿ ಬಿಟ್ಟೆ. "ಕುಡಿಯೋದು ಬಿಟ್ಟಾನ, ಇನ್ನೇನ್ ಬೇಕಲೇ ನಿನಗ? ಹುಚ್ಚು ಹಿಡದೈತೇನು?" ಅಂತ ಬೈದಳು. ಮತ್ತೆ ಯಾರಿಗೂ ಹೇಳಲಿಲ್ಲ. ಇವರು ಊಟಕ್ಕೆ ಕೂತಾಗ "ಸಿಸ್ಟರ್ ಹಿಂಗಂದ್ರು" ಅಂತ ಶುರು ಮಾಡಿದರೆ ಸಾಕು, ಸೌಟು ಕುಕ್ಕಿ ಎದ್ದು ಹೋಗುತ್ತಿದ್ದೆ.

ಐದನೆಯ ತಿಂಗಳಲ್ಲಿ, ಒಂದು ಭಾನುವಾರ ಸಂಜೆ, ಸಿಸ್ಟರ್ ಫೋನು ಮಾಡಿದರು. ಇವರ ಫೋನು ಕುಡಿತದ ಕಾಲದಲ್ಲೇ ಮಾರಿಹೋಗಿತ್ತು, ಹಾಗಾಗಿ ಆಸ್ಪತ್ರೆಯಲ್ಲಿ ನನ್ನ ನಂಬರೇ ಇತ್ತು. "ನಾಳೆ ನಾನು ಇರಂಗಿಲ್ಲಮ್ಮ, ನಮ್ಮ ತಾಲೂಕಿನ ಅರಸೀಕೆರೆ ಕಡೆ ಡ್ಯೂಟಿ ಹಾಕ್ಯಾರ. ಬುಧವಾರ ಬರಾಕ ಹೇಳ್ರಿ. ಮರೀಬ್ಯಾಡ್ರಿ, ಈಗ ಅವರಿಗೆ ಸ್ವಲ್ಪ ಕಷ್ಟದ ಟೈಮು ನಡದೈತಿ" ಅಂದರು. "ಆತ್ರಿ" ಅಂದೆ.

ಹೇಳಲಿಲ್ಲ. ಕಷ್ಟದ ಟೈಮು ಅಂತ ಆಕೆಗೆ ಗೊತ್ತಿದೆ, ಒಂದೇ ಸೂರಿನಡಿ ಮಲಗುವ ನನಗೆ ಗೊತ್ತಿಲ್ಲ! ಆ ಒಂದು ಮಾತಿಗೆ ಮೈಯೆಲ್ಲ ಉರಿದುಹೋಯಿತು.

ಸೋಮವಾರ ಹೋದವರು ಮಧ್ಯಾಹ್ನದ ತನಕ ಆಸ್ಪತ್ರೆಯ ಬೆಂಚಿನ ಮೇಲೆ ಕಾದು ಬಂದರು. ಮಾತ್ರೆ ಮಾತ್ರ ಬೇರೆ ಯಾರೋ ಕೊಟ್ಟಿದ್ದರಂತೆ. "ಸಿಸ್ಟರ್ ಬರಲಿಲ್ಲ. ಒಂದು ಮಾತು ಹೇಳಿಯೂ ಕಳಿಸಲಿಲ್ಲ" ಅಂದರು. ನನಗೆ ಒಳಗೊಳಗೇ ಖುಷಿ. "ಅವರಿಗೆ ನೀವೊಬ್ಬರೇ ಏನು? ನಿಮ್ಮಂಥವರು ನೂರು ಮಂದಿ ಬರ್ತಾರ" ಅಂದೆ. ಅವರ ಮುಖ ಸಣ್ಣಗಾಯಿತು. ಅದು ಕಂಡರೂ ಬಾಯಿಗೆ ಬಂದ ಸತ್ಯವನ್ನು ನುಂಗಿಕೊಂಡೆ. ಮಂಗಳವಾರವೂ ನುಂಗಿದೆ.

ಬುಧವಾರ ಬಣ್ಣದ ಕೆಲಸಕ್ಕೆಂದು ಹತ್ತಿರದ ತೆಲಿಗಿ ಊರಿಗೆ ಹೋದರು. ಮೂರು ಗಂಟೆಯ ಹೊತ್ತಿಗೆ ಮೇಸ್ತ್ರಿಯಿಂದ ಫೋನು. "ಅಕ್ಕಾ, ಅಣ್ಣ ಊಟಕ್ಕ ಹೋದಾವ್ರು ತಿರುಗಿ ಬಂದೇ ಇಲ್ಲ. ಮನಿಗೆ ಬಂದಾರೇನು?"

ಬಾಣಲೆಯ ಕೆಳಗಿನ ಉರಿ ಆರಿಸಿ, ಗಾಡಿಯನ್ನು ಅಲ್ಲಿಗೆ ಬಂದಿದ್ದ ಗಂಗಮ್ಮನಿಗೆ ಒಪ್ಪಿಸಿ ಓಡಿದೆ. ಬಸ್ಸಿಗಲ್ಲ, ಆಸ್ಪತ್ರೆಗೆ. ಸಿಸ್ಟರ್ ಇದ್ದರು. "ಬೆಳಿಗ್ಗೆಯಿಂದ ಕಾಯಾಕತ್ತೀನಿ, ಯಾಕ ಬರಲಿಲ್ಲ ಅವ್ರು?" ಅಂದರು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. "ನಾನ ಹೇಳಲಿಲ್ರಿ. ನಿಮ್ಮ ಮ್ಯಾಲಿನ ಹೊಟ್ಟಿಕಿಚ್ಚಿಗೆ ಹೇಳಲಿಲ್ಲ" ಅಂದೆ.

ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ನೀರು ಕೊಟ್ಟು ಕೇಳಿದರು: "ಅವರು ನನ್ನ ಹತ್ರ ಏನ್ ಮಾತಾಡ್ತಾರ ಗೊತ್ತೇನ್ರಿ? ಇವತ್ತು ಕುಡೀಬೇಕು ಅನ್ನಿಸಾಕತ್ತೈತಿ ಅಂತಾರ. ಪ್ರತಿ ವಾರ ಅದ ಮಾತು. ನಾನು ಹ್ಞೂಂ ಅಂತೀನಿ. ಆ ಆಸಿ ಇಳಿಯೋ ತನಕ ಕುಂದ್ರಿಸ್ಕೊಂತೀನಿ. ನಿಮ್ಮ ಮುಂದ ಹಂಗಂದಿದ್ರ ಏನ್ ಮಾಡ್ತಿದ್ರಿ?"

ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ. "ಅತ್ತು ಓಣಿ ಮಂದಿನ್ನೆಲ್ಲ ಕೂಡಿಸ್ತಿದ್ದೆ" ಅಂದೆ.

"ಅದಕ್ಕ ನಿಮಗ ಹೇಳಂಗಿಲ್ಲ. ನಿಮ್ಮ ಕಣ್ಣೀರು ಕಂಡ್ರ ಅವರಿಗೆ ಅಂಜಿಕಿ. ನಾನು ಹೊರಗಿನಾಕಿ, ನಾನು ಅಳಂಗಿಲ್ಲ, ಅಷ್ಟ. ಏಳ್ರಿ, ಹೋಗಿ ಕರ್ಕೊಂಡ್ ಬರ್ರಿ. ಕುಡಿದಿದ್ರೂ ಬೈಬ್ಯಾಡ್ರಿ. ನಾಳೆ ಇಲ್ಲಿಗೆ ಬರ್ರಿ, ಇಬ್ಬರೂ."

ತೆಲಿಗಿಯಲ್ಲಿ ಬಸ್ಸು ಇಳಿದರೆ ಎದುರಿನ ಕಟ್ಟೆಯ ಮೇಲೆಯೇ ಕೂತಿದ್ದರು. ಕುಡಿದಿದ್ದರು. ನನ್ನನ್ನು ಕಂಡು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಹನ್ನೊಂದು ವರ್ಷದಲ್ಲಿ ಆ ವಾಸನೆ ಬಡಿದಾಗಲೆಲ್ಲ ಬೈಗುಳ ತಾನಾಗಿ ಬರುತ್ತಿತ್ತು. ಅವತ್ತು ಬೈಯುವ ಮುಖ ನನಗಿರಲಿಲ್ಲ. ಪಕ್ಕದಲ್ಲಿ ಕೂತೆ. ಮುಂದಿನ ಬಸ್ಸಿಗೆ ಕರೆದುಕೊಂಡು ಬಂದೆ.

ಮರುದಿನ ಆಸ್ಪತ್ರೆಗೆ ಹೊರಡುವ ಮುಂಚೆ ಫೋನಿನ ವಿಷಯ ಹೇಳಿದೆ. ಕೈ ಎತ್ತುತ್ತಾರೇನೋ ಅಂತ ಹೆದರಿದ್ದೆ. "ನಾನೂ ನಿನಗ ಎಷ್ಟ್ ಸುಳ್ಳು ಹೇಳೀನಿ, ಲೆಕ್ಕ ಐತೇನು? ನಡಿ" ಅಂದರು.

ಮತ್ತೆ ಮೊದಲಿನಿಂದ ಶುರುವಾಯಿತು. ಮಾತ್ರೆ, ಸೋಮವಾರ, ಸಿಸ್ಟರ್. ಈಗ ತಿಂಗಳಿಗೊಮ್ಮೆ ನಾನೂ ಹೋಗುತ್ತಿದ್ದೆ. ಹೊಟ್ಟೆಕಿಚ್ಚು ಒಂದೇ ದಿನಕ್ಕೆ ಹೋಯಿತು ಅಂದರೆ ಸುಳ್ಳಾಗುತ್ತದೆ. ಸಿಸ್ಟರ್ ಮುಂದೆ ಆಡುವ ಆ ಮಾತನ್ನು ನನ್ನ ಮುಂದೆ ಯಾವತ್ತು ಆಡುತ್ತಾರೋ ಎನ್ನುವ ಆಸೆ ಒಳಗೆ ಇದ್ದೇ ಇತ್ತು.

ಏಳೆಂಟು ತಿಂಗಳು ಕಳೆದಿರಬೇಕು. ಸಂಜೆ ಗಾಡಿಯ ಮುಂದೆ ಗಿರಾಕಿಗಳು ಮುತ್ತಿದ್ದರು. ಇವರು ಕೆಲಸದಿಂದ ಬಂದವರು ನನ್ನ ಹಿಂದೆ ನಿಂತು, ಮೆಲ್ಲಗೆ, ನನಗಷ್ಟೇ ಕೇಳುವಂತೆ ಹೇಳಿದರು: "ಮಂಜಿ, ಇವತ್ತು ಬಾಳ ಕುಡೀಬೇಕು ಅನ್ನಿಸಾಕತ್ತೈತಿ."

ಆ ಮಾತಿಗಾಗಿಯೇ ನಾನು ಅಷ್ಟು ಹೊಟ್ಟೆಕಿಚ್ಚು ಪಟ್ಟದ್ದು. ಕಿವಿಗೆ ಬಿದ್ದ ಕೂಡಲೇ, ಇನ್ನೂ ಬೇಯದ ಮಿರ್ಚಿಗಳನ್ನು ಬಾಣಲೆಯಿಂದ ಎತ್ತಿಬಿಟ್ಟೆ. ಅಳು ತಡೆದುಕೊಂಡು, "ಹ್ಞೂಂ" ಅಂದೆ. "ಕುಂದರ್ರಿ ಇಲ್ಲೇ. ಈರುಳ್ಳಿ ಹೆಚ್ಚಿ ಕೊಡ್ರಿ." ಕೂತರು. ಗಿರಾಕಿಗಳೆಲ್ಲ ಕರಗುವ ತನಕ ಹೆಚ್ಚಿದರು. ಮರುದಿನಕ್ಕೂ ಮಿಕ್ಕುವಷ್ಟು ಈರುಳ್ಳಿಯಾಯಿತು.

ಇಂಥ ಮಾತನ್ನು ಆ ಸಿಸ್ಟರ್ ಎಷ್ಟು ಜನರಿಂದ, ಎಷ್ಟು ವರ್ಷ ಕೇಳಿಸಿಕೊಂಡು, ಮುಖದಲ್ಲಿ ಏನೂ ತೋರಿಸದೆ ಸ್ಟೂಲಿನ ಮೇಲೆ ಕೂತಿದ್ದರೋ! ಒಂದು ಸಲ ಕೇಳಿಸಿಕೊಂಡಿದ್ದಕ್ಕೇ ಆ ದಿನ ನನಗೆ ಅನ್ನ ಇಳಿಯಲಿಲ್ಲ.