ಅಕ್ಕನ ಉಬ್ಬಸ ಮತ್ತು ಚಿಕ್ಕಪ್ಪನ ಬಿಳಿ ಕೊಬ್ಬರಿ

ನನ್ನ ಅಕ್ಕನಿಗೆ ಚಿಕ್ಕಂದಿನಿಂದ ಸ್ವಲ್ಪ ಉಬ್ಬಸ. ಚಿಕ್ಕನಾಯಕನಹಳ್ಳಿ ಹತ್ತಿರದ ನಮ್ಮೂರಲ್ಲಿ ಅದು ಚಳಿಗಾಲಕ್ಕೊಮ್ಮೆ ಬಂದು ಹೋಗುತ್ತಿತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ ಅವಳನ್ನು ತುರುವೇಕೆರೆಗೆ ಮದುವೆ ಮಾಡಿ ಕೊಟ್ಟೆವು. ಅಲ್ಲಿ ವಾರಕ್ಕೆರಡು ಸಲ ಬರತೊಡಗಿತು. ತವರಿಗೆ ಬಂದರೆ ನಿಲ್ಲುತ್ತಿತ್ತು. ಅವಳ ಅತ್ತೆಗೆ ಅಷ್ಟೇ ಸಾಕಾಯಿತು.

"ತವರಲ್ಲಿ ಚೆನ್ನಾಗಿರ್ತಾಳೆ, ಇಲ್ಲಿ ಕೆಲ್ಸ ಅಂದ್ರೆ ಉಸ್ರು ಕಟ್ತದೆ. ಎಲ್ಲಾ ನಾಟ್ಕ ಕಣ್ರೀ" ಎಂದು ನಮ್ಮಮ್ಮನ ಎದುರಿಗೇ ಹೇಳಿದರು. ಅಮ್ಮ ತಲೆ ತಗ್ಗಿಸಿ ಕೂತಿದ್ದಳು. ಹೆಣ್ಣು ಕೊಟ್ಟವರು ಬಾಯಿ ತೆರೆಯಬಾರದಂತೆ!

ಆ ಮನೆಗೆ ತೆಂಗಿನ ತೋಟವಿರಲಿಲ್ಲ. ತಿಪಟೂರಿನಲ್ಲಿ ಕೊಬ್ಬರಿ ಅಂಗಡಿ ಇಟ್ಟಿದ್ದ ನಮ್ಮ ಚಿಕ್ಕಪ್ಪ ಅಕ್ಕನಿಗೆಂದು ಹೋಳು ಕೊಬ್ಬರಿ ಕಳಿಸುತ್ತಿದ್ದರು. ಹಾಲಿನಂಥ ಬಿಳುಪು. ನಮ್ಮ ತೋಟದ ಕಾಯಿಯನ್ನು ಅಟ್ಟದ ಮೇಲೆ ಒಣಗಿಸಿದ ಕೊಬ್ಬರಿ ಅದರ ಮುಂದೆ ಮಂಕು.

ಬೇಸಿಗೆ ರಜೆಗೆ ನಾನು ಅಲ್ಲಿಗೆ ಹೋಗಿದ್ದಾಗ, ಒಂದು ಮಧ್ಯಾಹ್ನ ಅಕ್ಕ ಬೆಲ್ಲದ ಜೊತೆ ಆ ಕೊಬ್ಬರಿ ತಿಂದಳು. ಕಾಲು ಗಂಟೆಯೊಳಗೆ ಕಂಬ ಹಿಡಿದು ಉಸಿರಿಗಾಗಿ ಒದ್ದಾಡಿದಳು. ತುಟಿ ನೀಲಿಗಟ್ಟಿತು. ನಾಟಕವೆಂದವರೂ ಹೆದರಿದರು. ಭಾವ, ನಾನು ಸೇರಿ ಆಸ್ಪತ್ರೆಗೆ ಕರೆದೊಯ್ದೆವು. ಇಂಜೆಕ್ಷನ್ ಕೊಟ್ಟ ಮೇಲೆ ಡಾಕ್ಟರು ಏನು ತಿಂದಳೆಂದು ಕೇಳಿದರು. ಭಾವ ಮನೆಗೆ ಓಡಿ ಒಂದು ಹೋಳು ತಂದುಕೊಟ್ಟರು. ಡಾಕ್ಟರು ಮೂಸಿ ನೋಡಿದರು.

"ಬೆಳ್ಳಗೆ ಕಾಣ್ಲಿ ಅಂತ ಗಂಧಕದ ಹೊಗೆ ಕೊಟ್ಟಿದಾರೆ. ಉಬ್ಬಸ ಇರೋರಿಗೆ ಇದು ಆಗಲ್ಲ ಕಣ್ರೀ."

ಮಾರನೆಯ ವಾರ ಅಮ್ಮ ನನ್ನನ್ನು ಕರೆದುಕೊಂಡು ತಿಪಟೂರಿಗೆ ಹೋದಳು. ಡಾಕ್ಟರು ಹೇಳಿದ್ದನ್ನು ಅಮ್ಮ ತಿಳಿಸಿದಾಗ ಚಿಕ್ಕಪ್ಪ ನಕ್ಕರು. "ಬೆಳ್ಳಗಿಲ್ದಿದ್ರೆ ಯಾರು ಕೊಳ್ತಾರೆ ಅತ್ತಿಗೆ? ಸುಮಾರು ಜನ ಹೊಗೆ ಹಾಕ್ತಾರೆ, ಬುಡಿ."

"ನಿಮ್ಮನೇಲೂ ಇದನ್ನೇ ತಿಂತೀರೇನಪ್ಪ?"

ಕಾಫಿ ತಂದ ಚಿಕ್ಕಮ್ಮ ಏನೂ ತಿಳಿಯದೆ ಉತ್ತರ ಕೊಟ್ಟರು. "ಇಲ್ಲ ಕಣಕ್ಕ, ನಮ್ಗೆ ಹೊಗೆ ಹಾಕ್ದೇ ಇರೋದ್ನ ಬೇರೆ ಇಟ್ಕೊಂಡಿದೀವಿ."

ಅಮ್ಮ ಕಾಫಿ ಲೋಟ ಕೆಳಗಿಟ್ಟಳು. "ನಿನ್ ಕೈಲಿ ಆಡಿದ್ ಮಗೀಗೆ ಇದನ್ನ ಕಳ್ಸೋಕೆ ಮನ್ಸಾದ್ರೂ ಹೆಂಗ್ ಬಂತಪ್ಪ?" ಎಂದವಳು ಉತ್ತರಕ್ಕೂ ಕಾಯದೆ ಎದ್ದು ಬಂದಳು. ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಅಳುತ್ತಿದ್ದಳು.

ಅಲ್ಲಿಂದಾಚೆಗೆ ನಮ್ಮ ತೋಟದ ಕೊಬ್ಬರಿಯೇ ತುರುವೇಕೆರೆಗೆ ಹೋಯಿತು. ಅಕ್ಕನ ಉಬ್ಬಸ ಮತ್ತೆ ಚಳಿಗಾಲಕ್ಕಷ್ಟೇ ಉಳಿಯಿತು. ಅವಳ ಅತ್ತೆ ತಪ್ಪಾಯಿತೆಂದು ಒಂದು ಮಾತೂ ಆಡಲಿಲ್ಲ. ಚಿಕ್ಕಪ್ಪ ಹೊಗೆ ಹಾಕುವುದನ್ನೂ ಬಿಡಲಿಲ್ಲ. ಗುರುತು ಪರಿಚಯವಿಲ್ಲದ ಊರುಗಳಿಗೆ ಆ ಕೊಬ್ಬರಿ ಲಾರಿಗಟ್ಟಲೆ ಹೋಯಿತು. ಅಲ್ಲಿ ಯಾವ ಮನೆಯ ಸೊಸೆ ನಾಟಕದವಳು ಎನ್ನಿಸಿಕೊಂಡಳೋ!

ಚಿಕ್ಕಪ್ಪ ಒಳ್ಳೆಯವರೆಂದು ನಮ್ಮ ನೆಂಟರು ಇಂದಿಗೂ ಹೇಳುತ್ತಾರೆ. ನಾನು ಹೂಂಗುಟ್ಟುವುದಿಲ್ಲ.