ಹುಲಿಗೆಮ್ಮನ ನಗು ಮತ್ತು ಇಪ್ಪತ್ತೈದು ಜಿಬಿ

ಆಧಾರ್ ಕಾರ್ಡಿನಲ್ಲಿ ನಗುತ್ತಿರುವವರನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನಂತೂ ನೋಡಿಲ್ಲ. ನನ್ನದೇ ಕಾರ್ಡಿನಲ್ಲಿ ನಾನು ಈಗಷ್ಟೇ ಕಳ್ಳತನ ಮಾಡಿ ಸಿಕ್ಕಿಬಿದ್ದವನ ಹಾಗಿದ್ದೇನೆ.

ಹೋದ ವಾರದ ಗುರುವಾರ ಬೆಳಗ್ಗೆ ಈರಮ್ಮ ಕಂಪ್ಲಿಯಿಂದ ಮೊದಲ ಬಸ್ಸಿಗೇ ಹೊಸಪೇಟೆಗೆ ಬಂದು ನಮ್ಮ ಬಾಗಿಲಲ್ಲಿ ನಿಂತಾಗ ಅವಳ ಕೈಯಲ್ಲಿ ಅಂಥದೇ ಒಂದು ಕಾರ್ಡು ಇತ್ತು. ಅವಳ ತಾಯಿ ಹುಲಿಗೆಮ್ಮನದು. ಹುಲಿಗೆಮ್ಮ ತೀರಿಕೊಂಡು ಅವತ್ತಿಗೆ ಏಳು ದಿನ. ಸೋಮವಾರ ಹನ್ನೊಂದನೇ ದಿನದ ಕಾರ್ಯ. ಗೋಡೆಗೆ ಹಾಕಲು ಒಂದು ಫೋಟೋ ಬೇಕಿತ್ತು.

ಹುಲಿಗೆಮ್ಮ ನಮಗೆ ನೆಂಟಳೇನಲ್ಲ. ಆದರೆ ಇಪ್ಪತ್ತು ವರ್ಷ ನಮ್ಮ ಮನೆಯ ಯಾವ ಕಾರ್ಯವೂ ಅವಳಿಲ್ಲದೆ ನಡೆದಿಲ್ಲ. ಹಿತ್ತಲಲ್ಲಿ ಕಲ್ಲಿನ ಒಲೆ ಹೂಡಿ, ಜೊತೆಗೆ ನಾಲ್ಕು ಹೆಂಗಸರನ್ನು ಕೂರಿಸಿಕೊಂಡು ಜೋಳದ ರೊಟ್ಟಿ ತಟ್ಟಲು ಶುರು ಮಾಡಿದಳೆಂದರೆ ಕೈಯಷ್ಟೇ ಬಾಯಿಯೂ ಜೋರು. ಅವಳು ನಕ್ಕರೆ ಮುಂಬಾಗಿಲಿಗೆ ಕೇಳಿಸುತ್ತಿತ್ತು. ಆರು ವರ್ಷದ ಹಿಂದೆ ಲಕ್ವಾ ಹೊಡೆದು ಬಾಯಿ ಒಂದು ಕಡೆಗೆ ಎಳೆದುಕೊಂಡಿತು. ಈರಮ್ಮ ಕ್ಯಾಮೆರಾ ಇರುವ ಫೋನು ಕೊಂಡದ್ದು ಅದಾದ ಮೇಲೆ. ಹಾಗಾಗಿ ಫೋನಿನಲ್ಲಿರುವುದೆಲ್ಲ ಕಾಯಿಲೆಯ ಮುಖ. ಚೆನ್ನಾಗಿದ್ದ ಕಾಲದ ಮುಖವೆಂದರೆ ಈ ಆಧಾರ್ ಒಂದೇ.

"ಇದನ್ನ ದೊಡ್ಡದು ಮಾಡಿಸಿ ಗ್ವಾಡಿಗೆ ಹಾಕಿದ್ರ ನಮ್ಮವ್ವ ಅನ್ಸೋದಿಲ್ರಿ ಸರ. ಆಕಿ ಒಂದಿನಾನೂ ಹಿಂಗ ಇದ್ದಾಕಿ ಅಲ್ಲ" ಎಂದಳು ಈರಮ್ಮ.

ಅವಳು ಬಂದದ್ದು ನನ್ನ ಮಗಳ ಮದುವೆಯ ವಿಡಿಯೋ ಕೇಳಲು. ಹನ್ನೆರಡು ವರ್ಷದ ಹಿಂದಿನ ಮದುವೆ. ಅವತ್ತು ವಿಡಿಯೋದವನು ಕಲ್ಯಾಣ ಮಂಟಪದ ಹಿತ್ತಲಿಗೂ ಬಂದು, ಲೈಟು ಹಾಕಿ, ಏನೋ ತಮಾಷೆ ಮಾಡಿದನಂತೆ. ಹುಲಿಗೆಮ್ಮ ಸೆರಗು ಅಡ್ಡ ಹಿಡಿಯುವುದನ್ನೂ ಮರೆತು ಹಲ್ಲೆಲ್ಲ ಕಾಣುವಂತೆ ನಕ್ಕಳಂತೆ. 'ನಂದೂ ವಿಡಿಯೋ ಐತಿ, ಸರ್ ಮನಿಯಾಗ' ಎಂದು ಆಮೇಲೆ ಕಂಪ್ಲಿಯ ತುಂಬ ಹೇಳಿಕೊಂಡು ತಿರುಗಿದ್ದಳಂತೆ. ನನ್ನ ಹತ್ತಿರವೂ ಎರಡು ಮೂರು ಸಲ ಕೇಳಿದ್ದಳು, ಒಮ್ಮೆ ತೋರಿಸಿ ಎಂದು. ಮುಂದಿನ ಸಲ ಬಂದಾಗ ತೋರಿಸ್ತೀನಿ ಎಂದಿದ್ದೆ. ಎಷ್ಟು ಜನಕ್ಕೆ ಎಷ್ಟು ಸಲ ಹೀಗೆ ಹೇಳಿದ್ದೇವೆ ನಾವು?

ಇದೆ, ಖಂಡಿತ ಇದೆ, ಭಾನುವಾರ ಬಾ ಎಂದೆ. ಬರೀ ವಿಡಿಯೋ ಅಲ್ಲಮ್ಮ, ಎಚ್‌ಡಿ ಎಂದೂ ಸೇರಿಸಿದೆ. (ಸಾವಿನ ಮನೆಯಿಂದ ಬಂದವಳ ಎದುರಿಗೂ ನನ್ನ ಜಂಬ ಸುಮ್ಮನಿರಲಿಲ್ಲ ನೋಡಿ.)

ಈ ಎಚ್‌ಡಿ ಕತೆಯನ್ನು ಹೇಳಲೇಬೇಕು.

ನಮ್ಮ ಬೀಗರು ಸಂಡೂರಿನವರು. ಅದಿರು ಸಾಗಿಸುವ ಲಾರಿಗಳ ಮಾಲೀಕರು. ಹಿರಿಮಗನ ಮದುವೆಗೆ ಕ್ರೇನ್ ಕ್ಯಾಮೆರಾ ತರಿಸಿದ್ದವರು. ನಾನೋ ಅದೇ ಸಂಡೂರಿನ ಒಂದು ಗಣಿ ಆಫೀಸಿನ ಗುಮಾಸ್ತ. ಕ್ರೇನು ತರಿಸುವ ತಾಕತ್ತು ಇಲ್ಲ, ಬಿಡಲು ಮನಸ್ಸಿಲ್ಲ. ಹಾಗಾಗಿ ವಿಡಿಯೋದವನಿಗೆ ಎಚ್‌ಡಿಯಲ್ಲೇ ತೆಗೆಯಬೇಕು ಎಂದು ತಾಕೀತು ಮಾಡಿದೆ. ಅವನು ತೆಗೆದ. ಡಿವಿಡಿ ಮಾಡಿಕೊಡ್ತೀನಿ ಎಂದ. ಡಿವಿಡಿಗೆ ಹಾಕಿದರೆ ಎಚ್‌ಡಿ ಎಲ್ಲಿ ಉಳಿಯುತ್ತದೆ? ಬೇಡ, ನಾನೇ ಬ್ಲೂ-ರೇ ಮಾಡ್ಕೋತೀನಿ ಎಂದೆ. ಅಷ್ಟೂ ವಿಡಿಯೋ ನನ್ನ ಕಂಪ್ಯೂಟರಿಗೆ ಹಾಕಿ ಕೊಟ್ಟು ಹೋದ.

ಡಿವಿಡಿಯ ಐದು ಪಟ್ಟು ಹಿಡಿಸುವ ಈ ಬ್ಲೂ-ರೇ ಡಿಸ್ಕನ್ನು ಬರೆಯುವ ರೈಟರ್ ಎಂಬ ವಸ್ತು ಆಗ ಹೊಸಪೇಟೆಯ ಯಾವ ಅಂಗಡಿಯಲ್ಲೂ ಇರಲಿಲ್ಲ. ಬೆಂಗಳೂರಿನಿಂದ ಪಾರ್ಸೆಲ್ ತರಿಸಿದೆ. ಜೊತೆಗೆ ಮೂರು ಖಾಲಿ ಡಿಸ್ಕು. ಕಂಪ್ಯೂಟರ್ ರಿಪೇರಿಯ ಪಂಪಾಪತಿ ಬಂದು ಸಿಪಿಯು ಬಿಚ್ಚಿ ಒಳಗೆ ಕೂರಿಸಿದ. ಲೈಟು ಹತ್ತಿತು. ಆದರೆ ನನ್ನ ಕಂಪ್ಯೂಟರು ಅದನ್ನು ಗುರುತಿಸಲೊಲ್ಲದು. ಕೇಬಲ್ ಬದಲಿಸಿದೆವು. ಗುರುತಿಸಿತು. ಬರೆಯಲು ಬೇರೆ ಸಾಫ್ಟ್‌ವೇರ್ ಬೇಕೆಂದಿತು. ಹಾಕಿದೆವು. ಮೊದಲನೇ ಡಿಸ್ಕು ತೊಂಬತ್ತೆಂಟು ಪರ್ಸೆಂಟಿಗೆ ಬಂದು ಕೈಕೊಟ್ಟಿತು. ಎರಡನೆಯದಕ್ಕೆ ಅರ್ಧದಲ್ಲಿ ಕರೆಂಟು ಹೋಯಿತು. ಅವೆರಡೂ ಇವತ್ತಿಗೂ ನಮ್ಮ ಮನೆಯಲ್ಲಿ ಚಹಾದ ಲೋಟ ಇಡಲು ಬಳಕೆಯಾಗುತ್ತಿವೆ.

ಉಳಿದದ್ದು ಒಂದೇ. ಅದರಲ್ಲಿ ಹಿಡಿಸುವುದು ಇಪ್ಪತ್ತೈದು ಜಿಬಿ. ನನ್ನ ಹತ್ತಿರ ಇದ್ದದ್ದು ಮೂವತ್ತೊಂದು. ಸ್ವಲ್ಪ ಕತ್ತರಿ ಆಡಿಸಿ, ಸ್ಪೀಡು ತಗ್ಗಿಸಿ, ಉಸಿರು ಬಿಗಿಹಿಡಿದು ಕೂತೆ. ಬರೆಯಿತು! ಹತ್ತು ನಿಮಿಷ ಹಾಕಿ ನೋಡಿದೆ. ಮಗಳ ಸೀರೆಯ ಜರಿಯ ಎಳೆ ಎಣಿಸಬಹುದಿತ್ತು. ಆಹಾ ಎಂದು ಡಬ್ಬಿಯಲ್ಲಿಟ್ಟೆ. ಜಾಗ ತಿನ್ನುತ್ತದೆಂದು ಕಂಪ್ಯೂಟರಿನಲ್ಲಿದ್ದದ್ದನ್ನು ಅಳಿಸಿದೆ.

ಆಮೇಲೆ ಆ ಡಬ್ಬಿಯನ್ನು ಮುಟ್ಟಿದ್ದು ಹೋದ ಗುರುವಾರ.

ಹಳೇ ಕಂಪ್ಯೂಟರು ಗುಜರಿಗೆ ಹೋಗಿ ಎಷ್ಟೋ ಕಾಲವಾಗಿದೆ. ಈಗಿನ ಲ್ಯಾಪ್‌ಟಾಪಿಗೆ ಡಿಸ್ಕು ಹಾಕುವ ಬಾಯಿಯೇ ಇಲ್ಲ. ಪುಣ್ಯಕ್ಕೆ ರೈಟರನ್ನು ಬಿಚ್ಚಿ ಅಲಮಾರದ ಮೇಲೆ ಇಟ್ಟಿದ್ದೆ. ಅದನ್ನು ಚೀಲಕ್ಕೆ ಹಾಕಿಕೊಂಡು ಪಂಪಾಪತಿಯ ಅಂಗಡಿಗೆ ಹೋದೆ. ಅವನೀಗ ಸಿಸಿಟಿವಿ ಕೂರಿಸುತ್ತಾನೆ. ರೈಟರನ್ನು ತಿರುಗಿಸಿ ಮುರುಗಿಸಿ ನೋಡಿ, ಇದಿನ್ನೂ ಇಟ್ಟೀರೇನ್ರಿ ಎಂದು ನಕ್ಕ. ವಿಷಯ ಹೇಳಿದ ಮೇಲೆ ನಗಲಿಲ್ಲ.

ಗುರುವಾರ ಒಂದು ಯುಎಸ್‌ಬಿ ಕೇಬಲ್ ಕೊಟ್ಟ. ಲೈಟೂ ಹತ್ತಲಿಲ್ಲ. ಇಂಥ ದೊಡ್ಡ ರೈಟರಿಗೆ ಲ್ಯಾಪ್‌ಟಾಪ್ ಕೊಡುವ ಕರೆಂಟು ಸಾಲದು, ಬೇರೆ ಅಡಾಪ್ಟರ್ ಬೇಕೆಂದ. ಶುಕ್ರವಾರ ಅಡಾಪ್ಟರ್ ಸಿಕ್ಕಿತು. ಲೈಟು ಹತ್ತಿತು, ಟ್ರೇ ಹೊರಗೆ ಬರಲಿಲ್ಲ. ಮುಂದಿನ ಸಣ್ಣ ತೂತಿಗೆ ಹೆಂಡತಿಯ ಸೇಫ್ಟಿ ಪಿನ್ ಚುಚ್ಚಿ ಎಳೆದೆವು. ಒಳಗಿನ ರಬ್ಬರ್ ಬೆಲ್ಟು ಸಡಿಲವಾಗಿತ್ತು. ಶನಿವಾರ ಪಂಪಾಪತಿ ತನ್ನ ಕೆಲಸ ಬಿಟ್ಟು ಹಳೇ ಟೇಪ್ ರೆಕಾರ್ಡರಿನ ಬೆಲ್ಟು ಹುಡುಕಿ ತಂದು ಹಾಕಿದ. ಈ ನಡುವೆ ನಾನು ಆ ವಿಡಿಯೋದವನಿಗೂ ಫೋನು ಮಾಡಿದೆ. ಸ್ಟುಡಿಯೋ ಮುಚ್ಚಿ ಮರಿಯಮ್ಮನಹಳ್ಳಿಯಲ್ಲಿ ಲಾರಿ ಟೈರಿನ ಅಂಗಡಿ ಇಟ್ಟಿದ್ದಾನೆ. ಅವನ ಹತ್ತಿರ ಏನೂ ಉಳಿದಿಲ್ಲ. ನಿಮ್ಮ ಹತ್ರ ಐತಲ್ರಿ ಎಂದ.

ಭಾನುವಾರ ಬೆಳಗ್ಗೆ ಡಿಸ್ಕು ಗಿರ್ರನೆ ತಿರುಗಿತು. ಪರದೆಯ ಮೇಲೆ ಮಗಳ ಹೆಸರು, ಅಳಿಯನ ಹೆಸರು. ನಾನು ಚಪ್ಪಾಳೆ ತಟ್ಟಿದೆ. ಈರಮ್ಮ ಹನ್ನೊಂದು ಗಂಟೆಗೆ ಬರುವವಳಿದ್ದಳು. ಅಷ್ಟರೊಳಗೆ ಹುಲಿಗೆಮ್ಮ ಎಲ್ಲಿದ್ದಾಳೆಂದು ಗುರುತು ಮಾಡಿಡೋಣ ಎಂದು ಹೆಂಡತಿಯನ್ನೂ ಕರೆದು ಕೂರಿಸಿಕೊಂಡೆ.

ಬೀಗರು ಕಾರಿನಿಂದ ಇಳಿದರು. ಬೀಗರ ಸ್ವಾಗತವಾಯಿತು. ಅಕ್ಷತೆ ಬಿತ್ತು. ಊಟದ ಪಂಕ್ತಿ ಬಂತು, ಹೋಯಿತು. ಹಂಪಿ ಬಂತು. ಮದುವೆ ಮರುದಿನ ತೆಗೆಸಿದ ಔಟ್‌ಡೋರ್. ನಮ್ಮ ಅಳಿಯ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಕಲ್ಲುಕಂಬಗಳ ನಡುವೆ ನಡೆದ. ಆ ಕಡೆಯಿಂದ ಈ ಕಡೆಗೆ ನಡೆದ. ಈ ಕಡೆಯಿಂದ ಆ ಕಡೆಗೆ ನಡೆದ. ಮೂವತ್ತೈದು ನಿಮಿಷ ನಡೆದ. ವಿಡಿಯೋ ಮುಗಿಯಿತು.

ಹಿತ್ತಲು ಬರಲೇ ಇಲ್ಲ.

ಮತ್ತೆ ಮೊದಲಿಂದ ಓಡಿಸಿದೆ. ಇಲ್ಲ. ಆಗ ನೆನಪಾಯಿತು. ಆರು ಜಿಬಿ ಹೆಚ್ಚಾಗಿತ್ತಲ್ಲ? ಆರು ಜಿಬಿ ಎಂದರೆ ಅರ್ಧ ಗಂಟೆಯ ಚಿತ್ರ. ಏನು ತೆಗೆಯಲಿ ಎಂದು ಅವತ್ತು ಮೌಸ್ ಹಿಡಿದು ಕೂತವನು ನಾನೇ. ಬೀಗರ ಕಡೆಯವರನ್ನು ತೆಗೆಯುವಂತಿಲ್ಲ. ಹಂಪಿ ತೆಗೆದರೆ ಅಳಿಯ ಏನೆಂದುಕೊಂಡಾನು? ಹಿತ್ತಲಿನಲ್ಲಿ ರೊಟ್ಟಿ ತಟ್ಟುವುದನ್ನು ಯಾರು ನೋಡುತ್ತಾರೆ? ತೆಗೆದೆ. ಒಂದು ನಿಮಿಷವೂ ಯೋಚಿಸಲಿಲ್ಲ. ಎಷ್ಟು ಸಲೀಸಾಗಿ ತೆಗೆದಿದ್ದೆನೆಂದರೆ, ತೆಗೆದದ್ದೂ ನೆನಪಿರಲಿಲ್ಲ.

"ಅಲ್ಲಿ ನಿಲ್ಲಸ್ರಿ" ಎಂದಳು ಹೆಂಡತಿ. ಊಟದ ಪಂಕ್ತಿ. ಬೀಗರು ಬಿಸಿ ರೊಟ್ಟಿ ಕೇಳಿದ್ದರು ಅಂತ ಕಾಣುತ್ತದೆ. ಪಕ್ಕದಿಂದ ಒಂದು ಕೈ ಬಂದು ಅವರ ಎಲೆಗೆ ರೊಟ್ಟಿ ಹಾಕಿತು. ಹಸಿರು ಬಳೆ, ಮಣಿಕಟ್ಟಿನ ಮೇಲೆ ಸುಟ್ಟ ಗಾಯದ ಕಲೆ. ಹುಲಿಗೆಮ್ಮನ ಕೈ. ಬಳೆಗೆ ಮೆತ್ತಿದ ಹಿಟ್ಟು ಕೂಡ ಕಾಣುತ್ತಿತ್ತು, ಅಷ್ಟು ಸ್ಪಷ್ಟ. ಕ್ಯಾಮೆರಾ ಮಾತ್ರ ಬೀಗರ ಮುಖ ಬಿಟ್ಟು ಕದಲಲಿಲ್ಲ. ಮೂರು ಸೆಕೆಂಡು. ಹೆಂಡತಿ ತನ್ನ ಫೋನಿನಲ್ಲಿ ಆ ಕೈಯ ಫೋಟೋ ತೆಗೆದುಕೊಂಡಳು.

ಹನ್ನೊಂದಕ್ಕೆ ಈರಮ್ಮ ಬಂದಳು. ಫೋಟೋ ಅಂಗಡಿಯವನಿಗೆ ಮಧ್ಯಾಹ್ನದ ತನಕ ತಡೆಯಲು ಹೇಳಿ ಬಂದಿದ್ದಳು. ಕುಂದರಲೂ ಇಲ್ಲ, ಸಿಕ್ಕಿತೇನ್ರಿ ಎಂದು ಕೇಳಿದಳು.

ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಡಿಸ್ಕ್ ಕೆಟ್ಟುಹೋಗಿದೆಯಮ್ಮ, ಹಳೇದಲ್ಲವಾ, ಎಂದೆ.

ನಿಮ್ಮ ಅವ್ವನನ್ನು ನಾನೇ ತೆಗೆದು ಹಾಕಿದೆ ಎಂದು ಆ ಮುಖ ನೋಡಿಕೊಂಡು ಹೇಳಲು ನನ್ನಿಂದಾಗಲಿಲ್ಲ. ನಾಚಿಕೆ ಎನ್ನಿ, ಹೇಡಿತನ ಎನ್ನಿ. ಎರಡೂ ಹೌದು.

ಅವಳು ಡಿಸ್ಕು ಕೇಳಿ ಇಸಿದುಕೊಂಡಳು. ಸೆರಗಿನಿಂದ ಒರೆಸಿದಳು. ಒರೆಸಿದರೆ ಸರಿಹೋಗಬಹುದೇನೋ ಎಂಬ ಆಸೆ ಅವಳ ಕೈಯಲ್ಲಿ ಕಾಣುತ್ತಿತ್ತು. ಕೊನೆಗೆ ನನಗೇ ಸಮಾಧಾನ ಹೇಳಿದಳು. ನೀವು ಮೂರು ದಿನ ಭಾಳ ಒದ್ದಾಡಿದ್ರಿ, ಮಷಿನ್ನು ಕೆಟ್ರ ನೀವೇನು ಮಾಡ್ತೀರಿ ಎಂದಳು. ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದಳು:

"ಇದನ್ನ ನನಗ ಕೊಡ್ತೀರೇನ್ರಿ ಸರ? ನಮಗ ಕಾಣಲಿಲ್ಲಂದ್ರೂ ನಮ್ಮವ್ವ ಇದರಾಗ ನಗತಾ ಅದಾಳಲ್ರಿ."

ಕೊಟ್ಟೆ. ಇನ್ನೇನು ಮಾಡಲಿ?

ಸೋಮವಾರ ನಾವಿಬ್ಬರೂ ಕಂಪ್ಲಿಗೆ ಹೋದೆವು. ಗೋಡೆಯ ಮೇಲೆ ಆಧಾರ್ ಕಾರ್ಡಿನ ಮುಖವನ್ನು ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದ್ದರು. ಅದರ ಪಕ್ಕದಲ್ಲಿ ಮೊಳೆ ಹೊಡೆದು ನನ್ನ ಬ್ಲೂ-ರೇ ಡಿಸ್ಕು. ಅದಕ್ಕೂ ಕುಂಕುಮ, ಅದಕ್ಕೂ ಹಾರ. ಬಂದವರಿಗೆಲ್ಲ ಈರಮ್ಮ ಹೇಳುತ್ತಿದ್ದಳು, ಅವ್ವ ನಗೋದು ಇದರಾಗ ಐತಿ ಎಂದು. ಒಬ್ಬೊಬ್ಬರಾಗಿ ಬಂದು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ನನ್ನ ಸರದಿಯೂ ಬಂತು. ನಾನೂ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಅದರೊಳಗೆ ಮೂವತ್ತೈದು ನಿಮಿಷ ನಡೆಯುವ ನನ್ನ ಅಳಿಯನಿದ್ದಾನೆಂದು ಆ ಮನೆಯಲ್ಲಿ ಗೊತ್ತಿದ್ದವರು ನಾವಿಬ್ಬರೇ.

ಬಸ್ಸಿನಲ್ಲಿ ಹೆಂಡತಿ ಫೋನು ತೆಗೆದು ಆ ಕೈಯ ಫೋಟೋ ನನ್ನ ಮುಂದೆ ಹಿಡಿದಳು.

"ಇದನ್ನಾದ್ರೂ ಕಳಸ್ಲೇನ್ರಿ ಆಕಿಗೆ?"

ಕಳಿಸಿದರೆ ಈರಮ್ಮ ಎಷ್ಟು ಸಂತೋಷಪಡುತ್ತಾಳೆಂದು ನನಗೆ ಗೊತ್ತು. ಆಮೇಲೆ ಏನು ಕೇಳುತ್ತಾಳೆಂದೂ ಗೊತ್ತು. ಕೆಟ್ಟ ಡಿಸ್ಕಿನಿಂದ ಈ ಕೈ ಹೇಗೆ ಬಂತು? ಮುಖ ಕತ್ತರಿಸಿದವನು ಈಗ ಕೈಯನ್ನೂ ತಡೆದು ಕೂತಿದ್ದೇನೆ. ಇವತ್ತಿಗೆ ಮೂರು ದಿನವಾಯಿತು. ಫೋಟೋ ಇನ್ನೂ ಹೆಂಡತಿಯ ಫೋನಿನಲ್ಲೇ ಇದೆ. ಅವಳು ಮತ್ತೆ ಕೇಳಿಲ್ಲ.

ಪೇಪರಿನಲ್ಲಿ ನಿಮಗೆಲ್ಲ ಇಷ್ಟು ಬಿಚ್ಚಿ ಹೇಳುತ್ತಿದ್ದೇನಲ್ಲ, ಪ್ರಾಮಾಣಿಕ ಮನುಷ್ಯ ಎಂದುಕೊಳ್ಳಬೇಡಿ. ಈರಮ್ಮನ ಮನೆಗೆ ಪೇಪರು ಬರುವುದು ಮಾರುವ ರೊಟ್ಟಿ ಸುತ್ತಿ ಕೊಡಲು ಮಾತ್ರ. ಅವಳು ಓದುವವಳಾಗಿದ್ದರೆ ನಾನು ಇದನ್ನು ಬರೆಯುತ್ತಿದ್ದೆನೇ?